ಹೆಪ್ಪಿನೊಳಗಿನ ಸಿಟ್ಟು

ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ಜೈನಾಬಳ ಕಿವಿ, ಪಕ್ಕದ ಬೆಂಚಿನಲ್ಲಿ ಕೂತ ಗಂಡಹೆಂಡಿರ ಕಡೆಗೇ ನೆಟ್ಟಿತ್ತು. ಆಸ್ಪತ್ರೆಯಿಂದ ಬಂದ ಗಂಡ ಭಾರೀ ಹುರುಪಿನಲ್ಲಿದ್ದ.

"ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮನಸ್ಸನ್ನೂ ಕುಣಿಸ್ತು ಹೇಳಿ ಡಾಕ್ಟ್ರು ಹೇಳಿದ್ರು. ಎನ್ನ ಸಿಟ್ಟು ಎನ್ನದಲ್ಲ ಮಾರಾಯ್ತಿ, ಮೊಸರಿಂದು! ಹೆಪ್ಪು ನಿನ್ನ ಅಪ್ಪನ ಮನೇದಲ್ದ?"

"ಅದು ಎರಡೇ ದಿನಕ್ಕೆ ಹಾಳಾತು. ಮೂವತ್ತು ವರ್ಷದಿಂದ ನಡೀತಾ ಇರದು ನಿಂಗಳ ಆಯಿ ಹಾಕಿದ ಹೆಪ್ಪು."

ಗಂಡ ಕೆಮ್ಮಿದ.

"ಹಂಗಾದ್ರೆ ಪಕ್ಕದ ಮನೆ ಉದಯನ ಹತ್ರ ಹೊಸ ಹೆಪ್ಪು ಕೇಳು."

"ಅವಂಗೆ ಬೈದು ಮಾತು ಬಿಟ್ಟಿದ್ದು ನಿಂಗ, ಆನಲ್ಲ."

"ಆನೂ ಅಲ್ಲ, ಬ್ಯಾಕ್ಟೀರಿಯಾ!"

"ಹಂಗಾದ್ರೆ ಹೆಪ್ಪು ಕೇಳಲೂ ಅದ್ನೇ ಕಳಿಸಿ."

ಹುಲೇಕಲ್ ಬಸ್ಸು ಬಂತು. ಹೆಂಡತಿ ಕಿಟಕಿ ಪಕ್ಕ ಕೂತು, ಖಾಲಿ ಸೀಟಿನ ಮೇಲೆ ತನ್ನ ಚೀಲ ಇಟ್ಟಳು. ಗಂಡ ನಿಂತೇ ಹೊರಟ.