ಹಟ್ಟಿಯ ಹಲಸಿನ ಮಂಚ

ಏಳು, ಏಳು ಅದರ ಮೇಲಿಂದ! ಬಳಿದ ವಾರ್ನಿಶ್ ಇನ್ನೂ ಆರಲಿಲ್ಲ, ಕೂತೇಬಿಟ್ಟಳು ಮಹಾರಾಣಿ. ಶಿಫಾ, ನಿನಗೇ ಹೇಳುವುದು. ಬೆಂಚು ಚಂದ ಉಂಟು, ಇಲ್ಲ ಅಂತ ಯಾರು ಹೇಳಿದ್ದು? ಮೂಡುಬಿದಿರೆಯಲ್ಲಿ ಮಾರ್ಬಲ್ ಅಂಗಡಿಯವರು ಬಿಸಾಡಿದ ಪೆಟ್ಟಿಗೆಯ ಹಲಗೆ ಬಸ್ಸಲ್ಲಿ ಹೊತ್ಕೊಂಡು ಬಂದು, ಫೋನು ನೋಡಿ ನೋಡಿ ಮೊಳೆ ಹೊಡೆದು ಮಾಡಿದ್ದಿ, ಶಾಬಾಸ್. ನಾಳೆ ನಿನ್ನ ಉಪ್ಪ, ನನ್ನ ಅಳಿಯ, ಬರುವಾಗ ತೋರಿಸ್ಬೇಕು, ಅದೂ ಸರಿ. ಆದ್ರೆ ಅಂಟಂಟು ಇರುವಾಗ ಮನುಷ್ಯರನ್ನು ಕೂರಿಸ್ಬಾರದು ಅಂತ ನಿನ್ನ ಫೋನು ಹೇಳ್ಲಿಲ್ವಾ? ನಗ್ಬೇಡ. ನಿನ್ನ ಉಪ್ಪನ ಬೆನ್ನು ನೋಡಿದ್ದಿಯಲ್ಲ, ಹೆಗಲ ಕೆಳಗೆ ಕಪ್ಪು ಕಲೆ? ಸಣ್ಣದಿರುವಾಗ ಬಿಸಿ ಗಂಜಿ ಬಿದ್ದದ್ದು ಅಂತ ನಿಮಗೆ ಹೇಳಿದ್ದೆಲ್ಲ ಸುಳ್ಳು. ಅದು ನಿನ್ನ ಅಜ್ಜನ ಕೈಕೆಲಸ. ಕೂತುಕೋ ಅಲ್ಲಿ, ನೆಲದಲ್ಲಿ, ಹೇಳ್ತೇನೆ.

ನಿನ್ನ ಅಜ್ಜ ಅರಬರ ದೇಶದ ದಮ್ಮಾಮಿನಲ್ಲಿ ಹೋಟೇಲಿನ ಅಡುಗೆಗೆ ಇದ್ದದ್ದು, ಬಡಗಿ ಅಲ್ಲ, ಬಡಗಿಯ ಮನೆ ದಾರಿಯಲ್ಲೂ ಹೋದವರಲ್ಲ. ಆ ಹೋಟೇಲು ಮುಚ್ಚಿ ಒಂದು ಪೆಟ್ಟಿಗೆ, ಒಂದು ಕಂಬಳಿ ಹಿಡ್ಕೊಂಡು ಬೆಳುವಾಯಿಗೆ ವಾಪಸ್ ಬಂದ್ರು. ಆಗ ಮನೆ ನಡೆದದ್ದು ನಾನು ಬೀಜದ ಫ್ಯಾಕ್ಟರಿಗೆ ಹೋಗಿ ಗೇರುಬೀಜ ಒಡೆದು. ಇದೆಲ್ಲ ಆಗುವ ಮೊದಲೇ ಸಫಿಯಾಳಿಗೆ, ಅಂದ್ರೆ ನಿನ್ನ ಉಮ್ಮನಿಗೆ, ಬಂಟ್ವಾಳದ ಸಂಬಂಧ ಗಟ್ಟಿ ಆಗಿತ್ತು. ಹುಡುಗ ರಫೀಕ್, ನಿನ್ನ ಉಪ್ಪ, ಪಾಪದವನು, ಬಾಯಿ ಇಲ್ಲದವನು. ತಂದೆ ಇಲ್ಲ, ಹಾಗಾಗಿ ಯಜಮಾನಿಕೆ ಎಲ್ಲ ಅವನ ಸೋದರಮಾವಂದು, ನಮ್ಮ ಹಸನಬ್ಬಾಕಂದು. ಆ ಮನುಷ್ಯನ ಹೆಸರು ಹೇಳಿದ್ರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ, ಗೊತ್ತುಂಟಾ. ನಮ್ಮಲ್ಲಿ ನಿಕಾಹ್ ಆದ ಮೇಲೆ ಮದುಮಗ ಹೆಣ್ಣಿನ ಮನೆಗೆ ಬಂದು ಉಳಿಯುವುದಲ್ವಾ, ಅವನ ಕೋಣೆಗೆ ಮಂಚ, ಹಾಸಿಗೆ, ಕಪಾಟು ಎಲ್ಲ ಹೆಣ್ಣಿನವರೇ ಮಾಡ್ಬೇಕು. ಹಸನಬ್ಬಾಕ ಬಂದು, ಇಗೋ ಇದೇ ಜಗಲಿಯಲ್ಲಿ ಕೂತು, ಚಹಾ ಕುಡಿದು, ಮೀಸೆ ಒರಸಿ ಹೇಳಿದ್ದೆಂತ, "ನಮ್ಮ ಹುಡುಗ ಚಾಪೆಯಲ್ಲಿ ಮಲಗಿ ಬೆಳೆದವನಲ್ಲ. ತೇಗದ ಮಂಚ ಆಗ್ಬೇಕು. ಬೀಜ ಒಡೆಯುವವರ ಮನೆ ಅಂತ ನಾಲ್ಕು ಜನ ನಮ್ಮನ್ನು ನಗಾಡಬಾರದು ನೋಡಿ." ನಾನು ಒಳಗೆ ನಿಂತು ಕೇಳ್ತಾ ಇದ್ದೇನೆ, ಹೊರಗೆ ಇವರು, ನಿನ್ನ ಅಜ್ಜ, ತಲೆ ಬಗ್ಗಿಸಿ "ಆಯ್ತು ಹಸನಬ್ಬಾಕ, ಆಯ್ತು ಹಸನಬ್ಬಾಕ" ಅಂತ. ಎಂತ ಆಯ್ತು? ತೇಗ ಎಲ್ಲಿಂದ ತರುವುದು, ಇವರ ತಲೆಯಲ್ಲಿ ಬೆಳೀತದಾ?

ಮಾರನೇ ದಿನ ನೋಡಿದ್ರೆ ಇವರು ಹಿಂದಿನ ದನದ ಹಟ್ಟಿಯ ಮಾಡು ಬಿಚ್ಚಿ ಹಾಕಿದ್ದಾರೆ! ದನ ಇರ್ಲಿಲ್ಲ ಆಗ, ದನ ಮೊದಲೇ ಕೊಟ್ಟಾಗಿತ್ತು, ಹಟ್ಟಿ ಖಾಲಿ. ಅದರ ಜಂತಿ, ಕಂಬ ಎಲ್ಲ ಹಲಸು, ಹಳೇ ಹಲಸು, ಹೊಗೆ ಹಿಡಿದು ಕಪ್ಪಾದದ್ದು. "ಇದನ್ನೇ ಕೀಸಿದ್ರೆ ಒಳಗೆ ಚಿನ್ನದ ಬಣ್ಣ ಉಂಟು" ಅಂತ ಇವರು. ಯಾರದ್ದೋ ಉಳಿ, ಯಾರದ್ದೋ ಕೊಡತಿ, ಕೀಸುಳಿ ಮಾತ್ರ ಗುರುವಾಯನಕೆರೆಯ ನನ್ನ ತಮ್ಮಂದು. ಅಂಗಳ ತುಂಬ ಮರದ ಸಿಪ್ಪೆ. ಒಂದು ಕಾಲು ಉದ್ದ, ಒಂದು ಗಿಡ್ಡ, ಉದ್ದದ್ದು ಕೊಯ್ದ್ರೆ ಅದು ಗಿಡ್ಡ, ಮತ್ತೆ ಇದು ಉದ್ದ. ಬೈದು ಬೈದು ನನ್ನ ಗಂಟಲು ಒಣಗಿತು. ಆದ್ರೆ ಸತ್ಯ ಹೇಳ್ಬೇಕಲ್ಲ, ನಿಂತಿತು ಮಂಚ. ಒರಟು, ಅಲ್ಲಲ್ಲಿ ಉಳಿಯ ಗುರುತು, ತಲೆಬದಿಗೆ ಅಗಲದ ಒಂದೇ ಹಲಗೆ. ನಾಲ್ಕು ಜನ ಎತ್ತಿದ್ರೂ ಕಿರ್ ಅನ್ನುವುದಿಲ್ಲ. ನನಗೆ ಒಳಗೊಳಗೆ ಖುಷಿ ಆಯ್ತು, ಅವರ ಹತ್ರ ಹೇಳ್ಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ರೆ ಸಾಕಿತ್ತು. ಇಲ್ಲ! ಆ ತಲೆಹಲಗೆಯಲ್ಲಿ ಸಣ್ಣ ಸಣ್ಣ ತೂತು, ಕುಟ್ಟೆ ಹುಳ ಹೊಡೆದದ್ದು. ಮದುಮಗನ ಹಾಸಿಗೆಗೆ ಮರದ ಹುಡಿ ಬಿದ್ರೆ ಮರ್ಯಾದೆ ಹೋಯ್ತು ಅಂತ ಇವರಿಗೆ ಹೆದರಿಕೆ. ಎಂತ ಮಾಡಿದ್ರು, ಫ್ಯಾಕ್ಟರಿಯಿಂದ ಗೇರುಬೀಜದ ಸಿಪ್ಪೆಯ ಎಣ್ಣೆ ತಂದ್ರು. ಕಪ್ಪು, ದಪ್ಪ. ನಮ್ಮ ಕಡೆ ಬಾಗಿಲ ದಾರಂದಕ್ಕೆ, ದೋಣಿಗೆ ಬಳೀತಾರೆ, ಗೆದ್ದಲು ಹತ್ರ ಬರುವುದಿಲ್ಲ. ದಾರಂದಕ್ಕೆ ಯಾರಾದ್ರೂ ಬರೀ ಬೆನ್ನು ಒರಗಿಸಿ ಮಲಗ್ತಾರಾ? ನಾನು ಹೇಳಿದೆ, ಕೈ ತೋರಿಸಿ ಹೇಳಿದೆ, "ಇದು ನೋಡಿ, ಇದು ಆ ಎಣ್ಣೆ ಸುಟ್ಟದ್ದು. ಬೂದಿ ಹಚ್ಚಿ ಕೆಲಸ ಮಾಡಿದ್ರೂ ಚರ್ಮ ಏಳ್ತದೆ. ಬೇಡ." ಅದಕ್ಕೆ ಅವರು, "ನಿನಗೆ ಎಲ್ಲದಕ್ಕೂ ಹೆದರಿಕೆ ಮಾರಾಯ್ತಿ. ಬಿಸಿಲಿಗೆ ಒಣಗ್ತದೆ. ಮೇಲಿಂದ ವಾರ್ನಿಶ್ ಹೊಡೀತೇನೆ." ಬಳಿದೇಬಿಟ್ರು, ಒಣಗ್ಲಿಲ್ಲ. ಬೆರಳು ಇಟ್ರೆ ಹಿಡೀತಿತ್ತು. ಮದುವೆ ಹತ್ರ ಬಂತು, ಅಂಟಿನ ಮೇಲೆಯೇ ವಾರ್ನಿಶ್ ಎಳೆದ್ರು, ವಾಸನೆ ಹೋಗ್ಲಿಕ್ಕೆ ಅತ್ತರು ಚಿಮುಕಿಸಿದ್ರು. ಕನ್ನಡಿ ಹಾಗೆ ಹೊಳೀತಿತ್ತು ಶೈತಾನ್ ಮಂಚ.

ಮದುವೆ ಆಯ್ತು, ಬಿರಿಯಾನಿ ಆಯ್ತು, ಎಲ್ಲ ಆಯ್ತು. ಮೇ ತಿಂಗಳ ಸೆಕೆ, ಕರೆಂಟು ಬೇರೆ ಇಲ್ಲ. ಹುಡುಗ ಪಾಪ, ಬನಿಯನ್ ತೆಗೆದು ಆ ತಲೆಹಲಗೆಗೆ ಒರಗಿದ್ದಾನೆ. ಬೆವರಿಗೆ ವಾರ್ನಿಶ್ ಬಿಟ್ಟಿತು, ಅಡಿಯ ಎಣ್ಣೆ ಬೆನ್ನಿಗೆ ಹತ್ತಿತು. ಮರುದಿನ ತುರಿಕೆ, ಅದರ ಮರುದಿನ ಬೆಳಿಗ್ಗೆ ಗುಳ್ಳೆ. ಯಾ ಅಲ್ಲಾಹ್, ಬೆನ್ನಿಡೀ ಗುಳ್ಳೆ! ಸಫಿಯಾ ಅಡುಗೆಮನೆಗೆ ಬಂದು ಅಳ್ತಾಳೆ, ನಾನು ತೆಂಗಿನೆಣ್ಣೆ ಹಿಡ್ಕೊಂಡು ಓಡ್ತೇನೆ, ಇವರು ಜಗಲಿಯಲ್ಲಿ ಕಲ್ಲಿನ ಹಾಗೆ ಕೂತಿದ್ದಾರೆ. ಹುಡುಗನನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗಿ ಬರುವಷ್ಟರಲ್ಲಿ ಸುದ್ದಿ ಬಂಟ್ವಾಳಕ್ಕೆ ಮುಟ್ಟಿತ್ತು. ಜೀಪು ಮಾಡ್ಕೊಂಡು ಬಂದೇಬಿಟ್ರು ಹಸನಬ್ಬಾಕ.

"ಹುಳ! ಹಟ್ಟಿಯ ಹುಳ ಕಚ್ಚಿದ್ದು! ನಮ್ಮ ಹುಡುಗನನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದೀರಿ ನೀವು!" ಅಂತ ಕಿರುಚಿಕೊಂಡು ಸೀದಾ ಕೋಣೆಗೆ. ಎಣ್ಣೆಯ ವಿಷಯ ಆ ಮನುಷ್ಯನಿಗೆ ಗೊತ್ತೇ ಇಲ್ಲ. ಅಂಗಿಯ ತೋಳು ಮಡಚಿದ್ರು. ಹುಳ ಹುಡುಕ್ಲಿಕ್ಕೆ. ತಲೆಹಲಗೆಗೆ ಎರಡೂ ಕೈ ಊರಿ, ತೂತಿಗೆ ಕಣ್ಣಿಟ್ಟು, ಮೊಣಕೈವರೆಗೆ ಉಜ್ಜಿ ಉಜ್ಜಿ ನೋಡಿದ್ರು. ಬೆವರು ಸುರೀತಾ ಉಂಟು, ಬಾಯಿಯೂ ನಿಲ್ಲುವುದಿಲ್ಲ, "ಭಿಕಾರಿಗಳು, ನಾಚಿಕೆ ಇಲ್ಲದವರು, ಬೀಜದ ಫ್ಯಾಕ್ಟರಿಯವರು." ಇವರು ನನ್ನ ಮುಖ ನೋಡಿದ್ರು. ನಾನು ಇವರ ಮುಖ ನೋಡಿದೆ. ಮುಟ್ಬೇಡಿ ಅಂತ ಒಂದು ಮಾತು ಹೇಳ್ಬಹುದಿತ್ತು ನಾನು. ಹೇಳ್ಲಿಲ್ಲ. ಇವತ್ತಿಗೂ ನನಗೆ ಅದರ ಬಗ್ಗೆ ಏನೇನೂ ಬೇಜಾರಿಲ್ಲ, ಬೇಕಾದ್ರೆ ಬರೆದಿಟ್ಟುಕೋ.

ಹೋಗುವಾಗ ಹುಡುಗನನ್ನು ಎಬ್ಬಿಸಿ ಕರ್ಕೊಂಡೇ ಹೋದ್ರು. "ತೇಗದ ಮಂಚ ಬಂದ ಮೇಲೆ ಹೇಳಿ ಕಳಿಸಿ. ಅಲ್ಲಿವರೆಗೆ ಅವನು ಈ ಹೊಸ್ತಿಲು ತುಳಿಯುವುದಿಲ್ಲ. ತುಳಿಯದಿದ್ರೂ ನಮಗೆ ನಷ್ಟ ಇಲ್ಲ." ರಫೀಕ್ ತಲೆ ತಗ್ಗಿಸಿ ಜೀಪು ಹತ್ತಿದ. ಮದುವೆ ಆಗಿ ನಾಲ್ಕು ದಿನ ಆಗ್ಲಿಲ್ಲ, ಮಗಳ ಕೈಯ ಮೆಹೆಂದಿ ಮಾಸಲಿಲ್ಲ, ಗಂಡ ಹೋದ. ವಾಪಸ್ ಬರ್ತಾನೋ ಇಲ್ಲವೋ ಯಾರಿಗೆ ಗೊತ್ತು? ನಿನ್ನ ಅಜ್ಜ ಎದ್ದು ಹೋಗಿ ಕೊಡಲಿ ತಂದ್ರು, ಮಂಚ ಕಡಿದು ಒಲೆಗೆ ಹಾಕ್ತೇನೆ ಅಂತ. ನಾನು ಕೊಡಲಿ ಕಿತ್ಕೊಂಡೆ. "ಆ ಎಣ್ಣೆಯ ಮರ ಒಲೆಗೆ ಹಾಕಿ ಹೊಗೆಯಲ್ಲಿ ನಮ್ಮ ಕಣ್ಣನ್ನೂ ತೆಗೀಲಿಕ್ಕಾ? ನಡೀರಿ ಆಚೆ!"

ಮತ್ತೆ ಎಂತ, ಮಂಚ ಅಂಗಳಕ್ಕೆ ಹಾಕಿಸಿದೆ. ಒಡೆದ ಕಿಟಕಿಯ ಗಾಜು ಇತ್ತು, ಅದರ ಚೂರಿನಿಂದ ಹೆರೆದ್ರೆ ಮರದ ಮೇಲಿನದ್ದೆಲ್ಲ ಸುರುಳಿ ಸುರುಳಿಯಾಗಿ ಬರ್ತದೆ. ಕೈಗೆ ತೆಂಗಿನೆಣ್ಣೆ, ಬೂದಿ, ಮುಖಕ್ಕೆ ಬಟ್ಟೆ ಕಟ್ಟಿ ಕೂತೆ. ಇವರು ಬಂದು ನಾನು ಮಾಡ್ತೇನೆ ಅಂದ್ರೆ ಹತ್ರ ಬಿಡ್ಲಿಲ್ಲ. ಸಿಟ್ಟು, ಅಷ್ಟು ಸಿಟ್ಟು ನನಗೆ. ಅವರ ಮೇಲೆ, ಹಸನಬ್ಬಾಕನ ಮೇಲೆ, ಬಾಯಿ ಬಿಡದೆ ಜೀಪು ಹತ್ತಿದ ಆ ಹುಡುಗನ ಮೇಲೆಯೂ. ಹೆರೆದ ಹುಡಿ ಹಾರಿ ನನ್ನ ರೆಪ್ಪೆ ಊದಿ ಒಂದು ಕಣ್ಣು ಮುಚ್ಚಿಹೋಯ್ತು. ಆದ್ರೂ ಹೆರೆದೆ.

ಶುಕ್ರವಾರ ನಮಾಜಿನ ಹೊತ್ತು ಕಳೆದು ಗೇಟಿನ ಸದ್ದಾಯ್ತು. ನೋಡ್ತೇನೆ, ರಫೀಕ್. ಒಬ್ಬನೇ, ಬಸ್ಸಲ್ಲಿ ಬಂದದ್ದು. "ಯಾಕೆ ಬಂದದ್ದು?" ಅಂತ ನಾನು, ಒಳಗೆ ಬಾ ಅಂತಲೂ ಹೇಳ್ಲಿಲ್ಲ. "ತೇಗದ ಮಂಚ ಇಲ್ಲಿಲ್ಲ. ಹೋಗಿ ನಿನ್ನ ಮಾವನ ಹತ್ರ ಹೇಳು." ಅವನು ಮೆಲ್ಲಗೆ, "ಮಾವನಿಗೆ ಎರಡೂ ಕೈ ಮೊಣಕೈವರೆಗೆ ಊದಿ ಉಂಟು, ಅನ್ನ ಬೇರೆಯವರು ತಿನ್ನಿಸ್ಬೇಕು. ಹುಳ ಕಚ್ಚಿದ್ದು ಅಂತ ಹೇಳ್ತಾರೆ." ನಗು ಬಂತು, ತಡ್ಕೊಂಡೆ. ಆಮೇಲೆ ಅವನು ನನ್ನ ಕಣ್ಣು ನೋಡಿದ, ಕೈ ನೋಡಿದ, ಅಂಗಳದ ಮಂಚ ನೋಡಿದ. ಅರ್ಧ ಕಪ್ಪು, ಅರ್ಧ ಹಳದಿ, ಹಲಸಿನ ಒಳಗಿನ ಹಳದಿ. ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ನನ್ನ ಕೈಯಿಂದ ಗಾಜಿನ ಚೂರು ತಕ್ಕೊಂಡ. "ಮುಟ್ಬೇಡ, ಮತ್ತೆ ಸುಡ್ತದೆ" ಅಂತ ಗದರಿಸಿದೆ. "ಇನ್ನು ಸುಡ್ಲಿಕ್ಕೆ ಎಂತ ಉಳಿದುಂಟು ಉಮ್ಮ? ನೀವು ಏಳಿ, ಮುಖ ತೊಳ್ಕೊಳ್ಳಿ" ಅಂದ. ಅಲ್ಲಿವರೆಗೆ ನನ್ನನ್ನು ಮಾಮಿ ಅಂತಲೂ ಕರೆದವನಲ್ಲ. ನಾನು ಬಾವಿಕಟ್ಟೆಗೆ ಹೋಗಿ ಮುಖ ತೊಳೆದೆ, ತುಂಬ ಹೊತ್ತು ತೊಳೆದೆ. ಬರುವಾಗ ನಿನ್ನ ಅಜ್ಜ, ಅಳಿಯ ಇಬ್ಬರೂ ಕೂತು ಹೆರೀತಾ ಇದ್ರು.

ಅದೇ ಮಂಚ, ನೀನು ದಿನಾ ಮಲಗುವುದು. ಅಜ್ಜ ಇಲ್ಲ ಈಗ, ಇದ್ದಿದ್ರೆ ಇವತ್ತೂ ಎರಡು ಬೈತಿದ್ದೆ. ಇನ್ನೊಬ್ಬರು ಕೂರ್ಲಿಕ್ಕೆ ಅಂತ ಎಂತ ಮಾಡಿದ್ರೂ ಮೊದಲು ಮಾಡಿದವರೇ ಬೆನ್ನು ಕೊಟ್ಟು ನೋಡ್ಬೇಕು, ಅಷ್ಟೇ ಬುದ್ಧಿ, ಅದಕ್ಕೆ ಕಾಲೇಜು ಬೇಡ. ಎಂತ? ನಾಳೆ ಹಸನಬ್ಬಾಕನೂ ಬರ್ತಾರಂತೆಯಾ? ಅವರು ಇಲ್ಲಿ ಬಂದ್ರೆ ಈಗಲೂ ಮರದ್ದು ಮುಟ್ಟುವುದಿಲ್ಲ, ಪ್ಲಾಸ್ಟಿಕ್ ಕುರ್ಚಿಯೇ ಕೇಳುವುದು. ನಿನ್ನ ಬೆಂಚು ಒಣಗುವವರೆಗೆ ಯಾರೂ ಕೂರುವುದು ಬೇಡ. ಅವರು ಬೇಕಾದ್ರೆ ಕೂರ್ಲಿ.