ಕಪ್ಪೆಯಕ್ಕ ತಂದ ಸದ್ದಿಲ್ಲದ ಪಂಪು

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ದಿನದಲ್ಲಿ ಅರ್ಧ ಹೊತ್ತು ನೀರಲ್ಲೇ ಇರ್ತಾಳೆ ಅಂತ ಎಲ್ಲರೂ ಅವಳನ್ನು ಕಪ್ಪೆಯಕ್ಕ ಅಂತಾರೆ. ಹಾಗೆ ಕರೆದರೆ ಬೈಯೋದಿಲ್ಲ. ನೀರು ಎರಚ್ತಾಳೆ.

ಅವತ್ತು ರಾತ್ರಿ ಪಂಪಿನ ಅಂಗಡಿ ಬಾಗಿಲು ಹಾಕಿಸಿಯೇ ಹೊರಟಿದ್ದಳು. ತಳ್ಳುಗಾಡಿ ಮೇಲೆ ಹೊಸ ಪಂಪು. ಬೀದಿ ಖಾಲಿ. ಗಾಡಿಯ ಒಂದು ಚಕ್ರ ಮಾತ್ರ... ಕೀಂಯ್... ಕೀಂಯ್... ಮೂಲೆಯಲ್ಲಿ ಹಾಳುಬಾವಿ. ಹತ್ತಿರ ಬಂದಳು. ಚಕ್ರದ ಸದ್ದು ನಿಂತಿತು. ಬಾವಿಯ ಕಟ್ಟೆ ಹಿಡಿದು ಬಗ್ಗಿದಳು...

ಏನೂ ಇರಲಿಲ್ಲ. ದಮ್ಮು ಹತ್ತಿ ನಿಂತಿದ್ದಳು, ಅಷ್ಟೇ. ನೀವೂ ಉಸಿರು ಬಿಡಿ. ಕತೆ ಬಾವೀದಲ್ಲ, ಪಂಪಿಂದು.

ಅವರ ಮನೆ ಹಿಂದೆ ಈಜುಕೊಳ ಇದೆ. ಅಲ್ಲೇ ಅವಳು ಆ ಬೀದಿಯ ಮಕ್ಕಳಿಗೆ ಈಜು ಕಲಿಸೋದು. ಅವಳದ್ದು ಒಂದೇ ಕಾನೂನು: ನೀರಿಗೆ ಇಳಿದವರು ಹೋಗುವಾಗ ಪಂಪಿನ ಬುಟ್ಟಿ ಖಾಲಿ ಮಾಡಬೇಕು. ಬುಟ್ಟಿ ಅಂದರೆ ಕೊಳದ ನೀರು ಸುತ್ತಿಸಿ ಸೋಸೋ ಪಂಪಿನ ಬಾಯಲ್ಲಿರೋ ಜಾಲರಿ. ಎಲೆ, ಕೂದಲು, ಕಸ ಎಲ್ಲ ಅಲ್ಲೇ ಸಿಕ್ಕಿಬೀಳೋದು. ಮೊದಲು ಪಂಪು ನಿಲ್ಲಿಸಬೇಕು, ಆಮೇಲೆ ಮುಚ್ಚಳ ತಿರುಗಿಸಬೇಕು. ಓಡುವಾಗ ತೆಗೆದರೆ ಪಂಪು ಗಾಳಿ ನುಂಗಿ ನಿಂತುಬಿಡ್ತದೆ.

ಹಳೇ ಪಂಪಿಗೆ ಗೊತ್ತಿದ್ದದ್ದು ಒಂದೇ ವೇಗ, ಒಂದೇ ರಾಗ. ಗೊರ್‌ರ್‌ರ್... ರಾತ್ರಿಯಿಡೀ. ಗೋಡೆಯಾಚೆ ದರ್ಜಿ ಮನೆ. ಅವರಿಗೆ ಆಗತಾನೆ ಮಗು ಹುಟ್ಟಿತ್ತು. ಕೂಸೂ ಮಲಗಲಿಲ್ಲ, ದರ್ಜಿಯೂ ಮಲಗಲಿಲ್ಲ. ಅಳತೆ ತಪ್ಪಿ ಯಾರದ್ದೋ ಪ್ಯಾಂಟು ಚಡ್ಡಿಯಾದ ಮೇಲೆ ಬಂದು ಗೋಡೆ ಬಡಿದ. ಕಪ್ಪೆಯಕ್ಕನ ಅಣ್ಣ ಕಾಯ್ತಿದ್ದದ್ದೇ ಅದಕ್ಕೆ. ಕೊಳ ಮುಚ್ಚಿ ಅಲ್ಲಿ ಕಾರು ನಿಲ್ಲಿಸಬೇಕು ಅನ್ನೋದು ಅವನ ಕನಸು. ಇನ್ನೊಂದು ಸಲ ದರ್ಜಿ ಗೋಡೆ ಬಡಿದರೆ ಮಾರನೇ ದಿನವೇ ಮಣ್ಣಿನ ಲಾರಿ ಬರ್ತದೆ ಅಂದುಬಿಟ್ಟ.

ಅದಕ್ಕೇ ಅವಳು ಪಂಪು ಆರಿಸೋಕೆ ಹೋದದ್ದು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ಮುಂದೆ ತಳ್ಳಿದ. ನಮ್ಮ ಪೈಪು ಸಣ್ಣದು, ಇದನ್ನು ಹಾಕಿದರೆ ಆನೆ ಸ್ಟ್ರಾದಲ್ಲಿ ನೀರು ಹೀರಿದ ಹಾಗಾಗ್ತದೆ ಅಂದಳು. ಅವಳಿಗೆ ಬೇಕಾದದ್ದು ವೇಗ ಬದಲಿಸೋ ಪಂಪು. ನಿಧಾನಕ್ಕೆ ಬಿಟ್ಟರೆ ರಾತ್ರಿಯೆಲ್ಲ ಓಡಿದರೂ ಕರೆಂಟು ಚೂರು, ಸದ್ದೂ ಚೂರು. ಒಂದೊಂದನ್ನೂ ಅಂಗಡಿಯ ನೀರಿನ ತೊಟ್ಟಿಗೆ ಜೋಡಿಸಿ ಓಡಿಸಿದಳು. ಪಂಪಿನ ತಲೆ ಮೇಲೆ ತುಂಬಿದ ಲೋಟ ಇಟ್ಟು ನೀರು ನಡುಗ್ತದಾ ಅಂತ ನೋಡಿದಳು. ನೀರು ಸೋರದ ಹಾಗೆ ತಡೆಯೋ ಸೀಲು ಹಾಳಾದರೆ ಬೇರೆ ಸಿಗ್ತದಾ, ಕರೆಂಟು ಹೋಗಿ ಬಂದರೆ ತನ್ನ ವೇಗ ನೆನಪಿಟ್ಟುಕೊಳ್ತದಾ ಅಂತ ಪ್ರಾಣ ತಿಂದಳು. ಅಂಗಡಿಯವನು ಸುಸ್ತಾಗಿ, ಪಂಪು ಆರಿಸ್ತಿದ್ದೀಯೋ ಅಳಿಯನನ್ನೋ ಅಂತ ಕೇಳಿದ. ಕೊನೆಗೆ ಲೋಟದ ನೀರು ಅಲುಗದ ಒಂದು ಸಿಕ್ಕಿತು. ಅದಕ್ಕೊಂದು ಪುಟ್ಟ ಪರದೆ. ವೇಗ ಎಷ್ಟು, ರಾತ್ರಿ ಎಷ್ಟು ಸಲ ನಿಂತಿತು, ಎಲ್ಲ ತೋರಿಸ್ತದೆ. ಬೇರೆಯವರು ಕೈಯಾಡಿಸದ ಹಾಗೆ ಬೀಗದ ನಂಬರೂ ಇದೆ.

ಮನೆಗೆ ಬಂದವಳೇ ತಾನೇ ಜೋಡಿಸಿದಳು. ಕಡಿಮೆ ವೇಗ ಇಟ್ಟು ಬೀಗ ಹಾಕಿದಳು.

ಮ್‌ಮ್‌ಮ್... ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ.

ತಪ್ಪು ಹುಡುಕೋಕೆ ಬಂದ ಅಣ್ಣನಿಗೆ ಏನೂ ಸಿಗಲಿಲ್ಲ. ಆಗ...

ಚಳಕ್... ಚಳಕ್... ಚಳಕ್... ದಬ್.

ಕೊಳದಲ್ಲಿ ಯಾರೂ ಇಲ್ಲ. ನೀರು ಮಾತ್ರ ಉದ್ದಕ್ಕೆ ಸೀಳ್ತಾ ಹೋಯಿತು. ಆ ತುದಿಯಲ್ಲಿ ಗೋಡೆ ಒದ್ದು ತಿರುಗಿತು. ವಾಪಸ್ ಬಂತು.

ಅಣ್ಣ ಅವಳ ತೋಳು ಹಿಡಿದ. "ಇವತ್ತು ಬಂದದ್ದಾ?"

"ಅಲ್ಲ. ಇವತ್ತು ಕೇಳಿಸಿದ್ದು."

ಆ ಮಾತಿಗೆ ಈಜು ನಿಂತಿತು. ಪರದೆಯ ಅಂಕಿ ತಾನಾಗೇ ಏರತೊಡಗಿತು. ಮ್‌ಮ್... ಗುಂಯ್... ಗೊಂಯ್‌ಯ್‌ಯ್... ಅವಳು ಇಳಿಸಿದಳು. ಮತ್ತೆ ಏರಿತು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಆಚೆ ಮನೆಯಲ್ಲಿ ಕೂಸು ಅಳೋಕೆ ಶುರು ಮಾಡಿತು. ಕಿಟಕಿಯಲ್ಲಿ ದೀಪ. ಅಣ್ಣ ಆಗಲೇ ಅಡುಗೆಮನೆ ಬಾಗಿಲ ಹಿಂದೆ. ಅಲ್ಲಿಂದಲೇ, ನಾಳೆ ಲಾರಿ ಬರೋದು ಖಂಡಿತ ಅಂದ. ದನಿ ನಡುಗ್ತಿತ್ತು, ಹಟ ನಡುಗ್ತಿರಲಿಲ್ಲ.

ಅವಳಿಗೆ ಹೊಳೀತು. ಇಷ್ಟು ವರ್ಷ ಅದು ಹಳೇ ಪಂಪಿನ ಗದ್ದಲದ ಮರೆಯಲ್ಲಿ ಈಜಿದೆ. ಈಗ ಆ ಮರೆ ಬೇಕು ಅಂತಲೇ ಪಂಪಿನ ವೇಗ ಏರಿಸ್ತಿದೆ.

ಕಪ್ಪೆಯಕ್ಕ ಓಡಲಿಲ್ಲ. ಮೆಟ್ಟಿಲ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಟ್ಟಳು. ಪಾದದ ಪಕ್ಕ ಏನೋ ತಣ್ಣಗೆ ಹಾದುಹೋಯಿತು... ಕಾಲು ಎತ್ತಲಿಲ್ಲ.

"ನೋಡು. ಈಜಬೇಡ ಅಂತ ನಾನು ಯಾರಿಗೂ ಹೇಳಿದವಳಲ್ಲ. ಆದರೆ ಪಂಪು ನಾನು ಆರಿಸಿದ್ದು. ಅದರ ಮೇಲೆ ಕೈಯಿಟ್ಟರೆ ನಾಳೆ ಇಲ್ಲಿ ಮಣ್ಣು ಬೀಳ್ತದೆ. ನನಗೂ ನೀರಿಲ್ಲ, ನಿನಗೂ ಇಲ್ಲ."

ಗೊಂಯ್‌ಯ್‌ಯ್... ಗೋಡೆಯಾಚೆ ಚಪ್ಪಲಿ ಸದ್ದು. ಪಟ್... ಪಟ್... ದರ್ಜಿ ಬರ್ತಿದ್ದ.

"ಇನ್ನೊಂದು ಮಾತು. ಇಲ್ಲಿ ಇಳಿದವರು ಬುಟ್ಟಿ ಖಾಲಿ ಮಾಡಿ ಹೋಗಬೇಕು. ನೀನೇನು ಮೇಲಿಂದ ಇಳಿದು ಬಂದವನಲ್ಲ."

ಪಟ್... ಚಪ್ಪಲಿ ಗೋಡೆ ಹತ್ತಿರ ನಿಂತಿತು.

ಅಂಕಿ ಇಳಿಯಿತು. ಗುಂಯ್... ಮ್‌ಮ್‌ಮ್... ಕೂಸು ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ಬಹಳ ಹೊತ್ತಾದ ಮೇಲೆ ಚಪ್ಪಲಿ ವಾಪಸ್ ಹೋಯಿತು. ಪಟ್... ಪಟ್...

ಆಮೇಲೆ ಮೆಲ್ಲಗೆ, ಹೆದರಿ ಹೆದರಿ... ಚಳಕ್... ಚಳಕ್.

ಅವಳು ಸ್ವಲ್ಪ ಕೇಳಿಸಿಕೊಂಡಳು. "ಮೊಣಕೈ ಎತ್ತು," ಅಂದಳು. "ನೀರನ್ನು ಹೊಡೀಬೇಡ. ಅದಕ್ಕೇ ಸದ್ದು ಬರೋದು."

ಸ್‌ಳ್... ಸ್‌ಳ್...

ಬೆಳಿಗ್ಗೆ ಕೊಳದ ಕಟ್ಟೆ ಮೇಲೆ ಒದ್ದೆ ಎಲೆಗಳ ಗುಡ್ಡೆ. ಬುಟ್ಟಿ ತೊಳೆದಿಟ್ಟ ಹಾಗಿತ್ತು. ನೀನೇ ತೆಗೆದು ನಾಟಕ ಮಾಡ್ತಿದ್ದೀಯ ಅಂತ ಅಣ್ಣ ಬೈದ. ಅವಳು ಪಂಪಿನ ಪರದೆ ಕಡೆ ಬೆರಳು ಮಾಡಿದಳು. ಅವನು ಬಗ್ಗಿ ಓದಿದ. ಒರೆಸಿ ಮತ್ತೆ ಓದಿದ. ಲಾರಿಗೆ ಫೋನು ಹೋಗಲೇ ಇಲ್ಲ. ಅವನ ಕಾರು ಇವತ್ತಿಗೂ ಬೀದಿಯಲ್ಲೇ ನಿಲ್ತದೆ.

ನಗ್ತಿರೋರು ನಗಿ. ಆದದ್ದು ಆಗಿದೆ. ಅನುಮಾನ ಇದ್ದರೆ ಬೆಳಿಗ್ಗೆ ಮಕ್ಕಳು ಬರೋಕೆ ಮುಂಚೆ ಹೋಗಿ ನೋಡಿ. ಎಲೆ ಕಟ್ಟೆ ಮೇಲೇ ಇರ್ತವೆ, ಬುಟ್ಟಿ ಖಾಲಿ ಇರ್ತದೆ. ಪರದೆಯಲ್ಲಿ ಬರೆದಿರ್ತದೆ, ರಾತ್ರಿ ಪಂಪು ನಿಂತದ್ದು: ಸೊನ್ನೆ ಸಲ.