ಬಚ್ಚಲಲ್ಲಿದ್ದವರು ಯಾರು

ಲೈಟ್ ಇರ್ಲಿ, ಆರಿಸ್ಬೇಡ. ಇದು ನಾನು ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗ, ಅಣ್ಣ ಅಂತೀನಲ್ಲ, ಅವನಿಗೇ ಆಗಿದ್ದು.

ಅಣ್ಣ ವಿದೇಶದಲ್ಲಿ ಬಸ್ ಡ್ರೈವರ್. ವರ್ಷವೆಲ್ಲ ಸ್ಟೇರಿಂಗ್ ಹಿಡಿದವನು ರಜೆ ಸಿಕ್ಕಾಗ ಮಾಡಿದ್ದೇನು? ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡ. ಒಳಗೇ ಒಲೆ, ಮಂಚ, ಬಚ್ಚಲು ಎಲ್ಲ ಇರೋ ಗಾಡಿ. "ಮೀನಿಗೆ ರಜೆ ಕೊಟ್ರೆ ಈಜೋಕೆ ಹೋಯ್ತಂತೆ" ಅಂತ ದೊಡ್ಡಮ್ಮ ನಕ್ಕರು. ನಕ್ಕರೂ ಮಗ-ಸೊಸೆಯ ಜೊತೆ ತಾವೂ ಹತ್ತಿದರು.

ಆ ದೇಶದ ಉತ್ತರದ ತುದಿ, ಕಡಲ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು. ಬೇಸಿಗೆಯಲ್ಲಿ ಅಲ್ಲಿ ಪೂರ್ತಿ ಕತ್ತಲಾಗೋದೇ ಇಲ್ಲವಂತೆ, ಬೂದಿ ಬಣ್ಣದ ಬೆಳಕು ಹಾಗೇ ಉಳಿಯುತ್ತೆ. ಗಾಡಿ ನಿಲ್ಲಿಸಿದಾಗ ಟ್ಯಾಂಕಿನ ನೀರು ಮುಗಿದಿತ್ತು. ಅಣ್ಣ-ಅತ್ತಿಗೆ ಕ್ಯಾನ್ ಹಿಡಿದು ನಡೆದರು. ದಾರಿ ಪಕ್ಕ ಒಂದು ಬಾವಿ. ಬಾಯಿಗೆ ಹಲಗೆ ಮುಚ್ಚಿತ್ತು. ಹಲಗೆ ಮೇಲೆ ಕಲ್ಲು… ಒಂದಲ್ಲ, ರಾಶಿ.

"ಇಷ್ಟೊಂದು ಕಲ್ಲು ಯಾಕ್ರೀ?" ಅತ್ತಿಗೆ ಪಿಸುಗುಟ್ಟಿದರು.

"ಗಾಳಿಗೆ ಹಲಗೆ ಹಾರದಿರ್ಲಿ ಅಂತ."

"ಅದಕ್ಕೆ ಒಂದು ಸಾಲ್ದಾ?"

ಅಣ್ಣ ಕಲ್ಲು ಸರಿಸಿ, ಬಕೆಟ್ಟಿಗೆ ಹಗ್ಗ ಕಟ್ಟಿ ಸೇದಿದ. ಓಡಾಡಿ ಓಡಾಡಿ ಟ್ಯಾಂಕ್ ತುಂಬಿಸಿದ.

ಆ ಗಾಡಿಯಲ್ಲಿ ನಲ್ಲಿ ತಿರುಗಿಸಿದರೆ ಮಾತ್ರ ಪಂಪ್ ಓಡುತ್ತೆ, ಗುರ್ರ್… ಅಂತ. ನಲ್ಲಿ ನಿಲ್ಲಿಸಿದರೆ ಅದೂ ನಿಲ್ಲುತ್ತೆ.

ಮಲಗಿ ಸ್ವಲ್ಪ ಹೊತ್ತಾಗಿತ್ತು. ಗುರ್ರ್…

ಅಣ್ಣನಿಗೆ ಎಚ್ಚರವಾಯಿತು. ಬಚ್ಚಲಲ್ಲಿ ನೀರು ಬೀಳ್ತಿತ್ತು. ಅಮ್ಮ ಹೋಗಿರಬೇಕು ಅಂದುಕೊಂಡ. ಪಂಪ್ ನಿಂತಿತು. ಮತ್ತೆ ಗುರ್ರ್… ಮುಗಿಯೋ ಲಕ್ಷಣವೇ ಇಲ್ಲ. ಎದ್ದು ಕೂತ. ಎದುರಿನ ಮಂಚದಲ್ಲಿ ದೊಡ್ಡಮ್ಮನೂ ಎದ್ದು ಕೂತಿದ್ದರು.

"ಏನೋ ಇದು, ಈ ಹೊತ್ತಲ್ಲಿ ಸ್ನಾನ ಮಾಡ್ತಿದಾಳಲ್ಲೋ ನಿನ್ನ ಹೆಂಡ್ತಿ?"

ಅಣ್ಣನ ಬೆನ್ನ ಹಿಂದಿನಿಂದ ಅತ್ತಿಗೆಯ ದನಿ. "ನಾನು ಇಲ್ಲೇ ಇದೀನಿ, ಅತ್ತೆ."

ಗಾಡಿಯಲ್ಲಿ ಇದ್ದದ್ದು ಮೂರೇ ಜನ.

ಬಚ್ಚಲ ಚಿಲಕದ ಮೇಲೆ ಒಂದು ಗುರುತು ಇರುತ್ತೆ ನೋಡು, ಒಳಗಿಂದ ಹಾಕಿದರೆ ಕೆಂಪು, ತೆಗೆದರೆ ಬಿಳಿ. ಕೆಂಪಾಗಿತ್ತು.

 ಅಣ್ಣ ಹೊರಬಾಗಿಲಿನ ಹಿಡಿ ತಿರುಗಿಸಿದ. ಹಿಡಿ ತಿರುಗಿತು… ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದ. ಗೋಡೆ ತಳ್ಳಿದ ಹಾಗಿತ್ತು. ಡ್ರೈವರ್ ಬಾಗಿಲೂ ಅಷ್ಟೇ. ಕೀ ತಿರುಗಿಸಿದರೆ ಟಿಕ್ ಅಂತು, ಇಂಜಿನ್ ಏಳಲಿಲ್ಲ. ಕಿಟಕಿ ಗೇಣಷ್ಟು ತೆರೆದು ಅಲ್ಲೇ ನಿಂತಿತು. ಆ ಸಂದಿಯಲ್ಲಿ ಕಡಲು ಕಾಣ್ತಿತ್ತು, ಗಾಳಿ ಬರ್ತಿತ್ತು, ಮೈ ತೂರೋಕೆ ಜಾಗ ಇರಲಿಲ್ಲ. ದಿನಾ ನೂರಾರು ಜನರನ್ನ ಇಳಿಸೋನಿಗೆ ತನ್ನ ಮನೆಯವರಿಬ್ಬರನ್ನ ಇಳಿಸೋಕೆ ಆಗಲಿಲ್ಲ.

ಒಳಗೆ ನೀರು ನಿಂತಿತು. ಈಗ ಬೇರೆ ಸದ್ದು. ಸರ್… ಸರ್… ಮೈ ಉಜ್ಜೋ ಸದ್ದು.

"ಟ್ಯಾಂಕಿನ ನೀರೆಲ್ಲ ಬಿಟ್ಬಿಡು," ದೊಡ್ಡಮ್ಮ ಉಸಿರಲ್ಲೇ ಹೇಳಿದರು.

"ಯಾಕಮ್ಮ?"

"ಅದು ನಮ್ಮ ನೀರಲ್ಲ ಕಣೋ. ಬಿಡು."

ಟ್ಯಾಂಕ್ ಖಾಲಿ ಮಾಡೋ ತಿರುಪು ಒಳಗೇ, ಸೀಟಿನ ಕೆಳಗಿತ್ತು. ಬೆವರಿಗೆ ಕೈ ಜಾರಿತು. ಮತ್ತೆ ಹಿಡಿದ. ತಿರುಗಿತು. ಗಾಡಿಯ ಅಡಿಯಲ್ಲಿ ನೀರು ಗಳಗಳ ಸುರಿಯತೊಡಗಿತು.

ಆಗಲೇ ಬಚ್ಚಲ ಬಾಗಿಲಿಗೆ ಒಳಗಿಂದ ಬಡಿತ. ದಬ್. ದಬ್. ದಬ್. ಇಡೀ ಗಾಡಿ ಅದುರಿತು. ಅಣ್ಣನ ಕೈ ತಿರುಪಿನ ಕಡೆ ಹೋಯಿತು. ಅತ್ತಿಗೆ ಆ ಕೈ ಹಿಡಿದರು.

"ನಿಲ್ಲಿಸ್ಬೇಡಿ."

ನೀರು ಸುರೀತಾನೇ ಇತ್ತು. ಬಡಿತ ಮೆತ್ತಗಾಯಿತು… ಆಮೇಲೆ ಬರೀ ಉಗುರಲ್ಲಿ ಕೆರೆದ ಹಾಗೆ, ಕರ್… ಕರ್… ಕೊನೆಗೆ ಅದೂ ಇಲ್ಲ.

ಟಕ್. ಕೆಂಪು ಹೋಗಿ ಬಿಳಿ ಬಂತು. ಹೊರಬಾಗಿಲು ಗಾಳಿಗೆ ತಾನಾಗೇ ತೆರೆದುಕೊಂಡಿತು.

ಬಿಸಿಲು ಬರೋವರೆಗೂ ಮೂವರೂ ಬಂಡೆ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಆಮೇಲೆ ಅಣ್ಣ ಹೋಗಿ ಬಾವಿ ಮುಚ್ಚಿ, ಒಂದೂ ಬಿಡದೆ ಎಲ್ಲ ಕಲ್ಲನ್ನೂ ಮೇಲಿಟ್ಟು ಬಂದ. ಅತ್ತಿಗೆ ಬಚ್ಚಲ ಬಾಗಿಲು ತೆಗೆದರು. ಒಳಗೆ ಯಾರೂ ಇಲ್ಲ. ನೆಲದ ಮೇಲೆ ಒಂದು ಹನಿ ನೀರೂ ಇಲ್ಲ.

ನೀನು ನಂಬು, ಬಿಡು. ನಾನು ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿದೀನಿ. ಹೇಳೋದು ಒಂದೇ. ಹಿಂದಿನ ಸಂಜೆ ಅತ್ತಿಗೆ ಬಚ್ಚಲಲ್ಲಿ ಕಾಗದ ಬಿಚ್ಚಿಟ್ಟ ಹೊಸ ಸೋಪು, ಮನೆಯವರು ಯಾರೂ ಮುಟ್ಟಿರದ ಸೋಪು… ಎಲೆಯಷ್ಟು ತೆಳ್ಳಗೆ ಸವೆದಿತ್ತು.